ಕೂಸಿಗೆ ಹೇಳಿ ಹೋಗ್ರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮೂರು ವರ್ಷದೊಳಗಿನ ಮಕ್ಕಳ ಬಗ್ಗೆ ಏನು ಬೇಕಾದರೂ ಕೇಳಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಹಲ್ಲು, ತೂಕ, ಲಸಿಕೆಗಿಂತ ಹೆಚ್ಚು ಪತ್ರಗಳಲ್ಲಿ ಇದ್ದದ್ದು ಒಂದೇ ಚಿಂತೆ: ಕೂಸು ನಮ್ಮನ್ನು ಹಚ್ಚಿಕೊಂಡಿದೆಯೋ ಇಲ್ಲವೋ. ಏಳು ಪತ್ರ ಆರಿಸಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ.

ಕೂಸಿಗೆ ಎರಡು ತಿಂಗಳು. ಸಂಜಿ ಆದ್ರ ಸಾಕು, ಒಂದ ಸವನ ಅಳತಾನ. ಎತ್ತಿಕೊಂಡ್ರ ಸುಮ್ನಾಗ್ತಾನ. ನಮ್ಮ ಅತ್ತಿಯವರು "ಅತ್ತಾಗೊಮ್ಮೆ ಎತ್ತಿಕೊಂಡ್ರ ಕೈಚಟ ಹತ್ತತದ, ಆಮ್ಯಾಲ ನಿನಗ ತ್ರಾಸು" ಅಂತಾರ. ಖರೇ ಏನ್ರಿ? (ಗದಗ)

ಎತ್ತಿಕೊಳ್ಳಿ, ಚಟ ಹತ್ತುವುದಿಲ್ಲ. ಅತ್ತು ಕೆಲಸ ಸಾಧಿಸಬೇಕೆಂಬ ಲೆಕ್ಕಾಚಾರ ಎರಡು ತಿಂಗಳ ಕೂಸಿನ ತಲೆಯಲ್ಲಿ ಹುಟ್ಟುವುದೇ ಇಲ್ಲ. ತನ್ನ ಕಳವಳವನ್ನು ತಾನೇ ಇಳಿಸಿಕೊಳ್ಳಲು ಅದಕ್ಕಿನ್ನೂ ಬರುವುದಿಲ್ಲ. ನಿಮ್ಮ ಮೈಬಿಸಿ, ದನಿ, ತೂಗಾಟ ಆ ಕೆಲಸ ಮಾಡಿಕೊಡುತ್ತವೆ. ಹೀಗೆ ಸಾವಿರ ಸಲ ಆದ ಮೇಲೆ ತಾನಾಗಿ ಸಮಾಧಾನವಾಗುವುದನ್ನು ಕಲಿಯುತ್ತದೆ. 1972ರಲ್ಲಿ ಸಿಲ್ವಿಯಾ ಬೆಲ್ ಮತ್ತು ಮೇರಿ ಏನ್ಸ್‌ವರ್ತ್ ಎಂಬ ಮನೋವಿಜ್ಞಾನಿಗಳು ಅಮೆರಿಕದ ಬಾಲ್ಟಿಮೋರ್‌ನ ಮನೆಗಳಲ್ಲಿ ಕೂತು ನೋಡಿ ಬರೆದದ್ದೂ ಇದನ್ನೇ: ಮೊದಲ ತಿಂಗಳುಗಳಲ್ಲಿ ಅಳುವಿಗೆ ಬೇಗ ಓಗೊಟ್ಟ ತಾಯಂದಿರ ಮಕ್ಕಳು ವರ್ಷ ತುಂಬುವ ಹೊತ್ತಿಗೆ ಕಡಿಮೆ ಅಳುತ್ತಿದ್ದರು. ಅವರ ಲೆಕ್ಕವನ್ನು ಪ್ರಶ್ನಿಸಿದವರೂ ಇದ್ದಾರೆ. ಆದರೆ ಎತ್ತಿಕೊಂಡಿದ್ದರಿಂದ ಎಳೆಗೂಸು ಕೆಟ್ಟಿತು ಎಂದು ಹೇಳಲು ಆಧಾರವಿಲ್ಲ.

ಅಳು ಎರಡನೇ ವಾರದಿಂದ ಏರುತ್ತ ಹೋಗಿ ಆರರಿಂದ ಎಂಟನೇ ವಾರಕ್ಕೆ ತುದಿ ಮುಟ್ಟುತ್ತದೆ, ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಸಂಜೆಯೇ ಜಾಸ್ತಿ. ನಿಮ್ಮ ಮಗ ಸರಿಯಾಗಿ ಆ ತುದಿಯಲ್ಲಿದ್ದಾನೆ. ಎತ್ತಿಕೊಂಡ ಮೇಲೆ ಒಂದೊಂದಾಗಿ ನೋಡಿ: ಹಾಲು ಕುಡಿದು ಎಷ್ಟು ಹೊತ್ತಾಯಿತು, ತೇಗು ಬಂತೇ, ಬಟ್ಟೆ ಒದ್ದೆಯೇ, ಕುಂಚಿಗೆ ಟೋಪಿ ಹೆಚ್ಚಾಗಿ ಬೆವರುತ್ತಿದೆಯೇ (ಗದಗಿನ ಏಪ್ರಿಲ್‌ನಲ್ಲಿ ಮೊದಲ ಅನುಮಾನ ಇದರ ಮೇಲೇ ಇರಲಿ), ಎಚ್ಚರವಾಗಿ ಒಂದೂವರೆ ತಾಸು ದಾಟಿ ನಿದ್ದೆಗೆ ಕಾಡುತ್ತಿದೆಯೇ. ಎಲ್ಲ ಸರಿಯಿದ್ದರೆ ಹೆಗಲಿಗೆ ನೆಟ್ಟಗೆ ಹಾಕಿಕೊಂಡು, ದೀಪ ಮಂದ ಮಾಡಿ, ಒಂದೇ ಲಯದಲ್ಲಿ ನಡೆದಾಡಿ. ಐದು ನಿಮಿಷವಾದರೂ ಅದೇ ರೀತಿ ಮುಂದುವರಿಸಿ. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ: ಅರ್ಧ ನಿಮಿಷ ತೂಗಿ, ಅರ್ಧ ನಿಮಿಷ ಗಿಲಕಿ ಆಡಿಸಿ, ಇನ್ನೊಬ್ಬರ ಕೈಗೆ ಕೊಟ್ಟು, ಮತ್ತೆ ಇಸಗೊಂಡು ಕೂಸನ್ನು ಇನ್ನಷ್ಟು ದಣಿಸುತ್ತಾರೆ.

ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯ ಇದೆ, ಆದರೆ ಅದು ಆರೇಳು ತಿಂಗಳಾದ ಮೇಲಿನದು. ಆಗ ಸುಮ್ಮನೆ ಗೊಣಗಿದರೆ ಓಡಬೇಕಿಲ್ಲ, ದನಿ ಕೊಟ್ಟು ಅರ್ಧ ನಿಮಿಷ ಕಾಯಬಹುದು. ಈಗಲ್ಲ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಬಂದರೆ, ಹಾಲು ಬಿಟ್ಟರೆ, ಹಸಿರು ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮಗೇ ಸಹನೆ ಮೀರಿದರೆ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಅತ್ತೆಯವರನ್ನು ಕರೆದು, ಐದು ನಿಮಿಷ ಹೊರಗೆ ಹೋಗಿ. ಸಿಟ್ಟಿನಲ್ಲಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವ ಆಗಬಹುದು. ಅಳುವುದರಿಂದ ಆಗುವುದಿಲ್ಲ.

ಹೆರಿಗಿ ಆಗಿ ನಲವತ್ತು ದಿನ ಆತು. ಹಾಲು ಕೊಡ್ತೀನಿ, ಎಲ್ಲಾ ಮಾಡ್ತೀನಿ, ಆದ್ರ ಪ್ರೀತಿ ಅನ್ನೋದು ಹುಟ್ಟವಲ್ದು. ಯಾರದೋ ಕೂಸು ಅನಸ್ತದ. ಅದು ಮಲಗಿದ್ರೂ ನನಗ ನಿದ್ದಿ ಬರೂದಿಲ್ಲ. ಅವ್ವಗ ಹೇಳಿದ್ರ ದೃಷ್ಟಿ ಆಗೇದ ಅಂತಾಳ. (ಹೆಸರು, ಊರು ಬೇಡ ಎಂದವರು)

ಇದರಲ್ಲಿ ಎರಡು ಸಂಗತಿ ಇವೆ, ಬಿಡಿಸಿ ನೋಡೋಣ. ಪ್ರೀತಿ ಹೆರಿಗೆ ಕೋಣೆಯಲ್ಲೇ ಉಕ್ಕಬೇಕೆಂದಿಲ್ಲ. ಎಷ್ಟೋ ತಾಯಂದಿರಿಗೆ ವಾರಗಟ್ಟಲೆ ಬೇಕಾಗುತ್ತದೆ. ಅಷ್ಟೇ ಆಗಿದ್ದರೆ ಕಾಯಿರಿ ಎನ್ನುತ್ತಿದ್ದೆವು. ಆದರೆ ಕೂಸು ಮಲಗಿದರೂ ನಿದ್ದೆ ಹತ್ತದಿರುವುದು, ನಲವತ್ತು ದಿನವಾದರೂ ಅದು ಪರರ ಕೂಸು ಎನಿಸುವುದು ಬೇರೆ ಮಾತು. ಹೆರಿಗೆಯ ಮೂರನೇ ದಿನದಿಂದ ಬರುವ ಸುಮ್ಮಸುಮ್ಮನೆ ಅಳುವಂಥ ಮನಸ್ಸು ಎರಡು ವಾರದಲ್ಲಿ ತಾನೇ ಹೋಗುತ್ತದೆ. ಅದು ದಾಟಿಯೂ ಉಳಿದರೆ ಬಾಣಂತಿ ಖಿನ್ನತೆ ಇರಬಹುದು, ತೋರಿಸಲೇಬೇಕು. ಅದು ಕಾಯಿಲೆ, ನಿಮ್ಮ ಗುಣವಲ್ಲ, ವಾಸಿಯಾಗುತ್ತದೆ.

ಮೊದಲು ಹೆರಿಗೆ ಮಾಡಿಸಿದ ವೈದ್ಯರ ಹತ್ತಿರ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎರಡರ ಏರುಪೇರೂ ಮನಸ್ಸನ್ನು ಕುಗ್ಗಿಸುತ್ತದೆ. ಎಡಿನ್‌ಬರೋ ಮಾಪನ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ, ಐದು ನಿಮಿಷದ ಕೆಲಸ, ಕೇಳಿ. ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗಬಹುದು. ಈಗಿಂದೀಗ ಮಾತಾಡಬೇಕೆನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಆ ಹೆದರಿಕೆಯಿಂದ ಹೋಗದೇ ಇರಬೇಡಿ.

ಮನೆಯಲ್ಲಿ ಅವ್ವ ಮಾಡಬಹುದಾದ ದೊಡ್ಡ ಉಪಕಾರ ಒಂದೇ: ರಾತ್ರಿ ಒಮ್ಮೆ ಹಾಲು ಕುಡಿಸಿ ಕೂಸನ್ನು ಅವರ ಕೈಗೆ ಕೊಟ್ಟು, ನೀವು ಬೇರೆ ಕೋಣೆಯಲ್ಲಿ ನಾಲ್ಕು ತಾಸು ಎಡೆಬಿಡದೆ ಮಲಗುವುದು. ನಡುವೆ ಕುಡಿಸಬೇಕಾದರೆ ಹಿಂಡಿಟ್ಟ ಹಾಲು ಸಾಕು. ಕೂಸಿನ ವಿಷಯಕ್ಕೆ ಗಾಬರಿ ಬೇಡ. ಒಬ್ಬರನ್ನೇ ಆರಿಸಿ ಹಚ್ಚಿಕೊಳ್ಳುವುದು ಆರೇಳು ತಿಂಗಳ ಮೇಲೆ ಗಟ್ಟಿಯಾಗುತ್ತದೆ, ನಿಮ್ಮ ಕೈಯಲ್ಲಿ ಇನ್ನೂ ಸಮಯವಿದೆ. ಎಣ್ಣೆ ಹಚ್ಚುವಾಗ ಹತ್ತು ನಿಮಿಷ ಮುಖ ನೋಡಿ ಮಾತಾಡಿ, ಪ್ರೀತಿ ಬಂತೋ ಇಲ್ಲವೋ ಎಂದು ಅಳೆಯಬೇಡಿ. ದೃಷ್ಟಿ ತೆಗೆಯುವುದಾದರೆ ಅವ್ವ ತೆಗೆಯಲಿ. ತೆಗೆದು ಮರುದಿನ ದವಾಖಾನೆಗೆ ಕರೆದೊಯ್ಯಲಿ. ಯಾರೋ ಮಾತಾಡಿದಂತೆ ಕೇಳಿಸಿದರೆ, ವಿಪರೀತ ಸಂಶಯ ಬಂದರೆ, ನಿಮಗಾಗಲಿ ಕೂಸಿಗಾಗಲಿ ಏನಾದರೂ ಮಾಡಿಕೊಳ್ಳುವ ವಿಚಾರ ಬಂದರೆ ಮರುದಿನಕ್ಕೂ ಕಾಯಬಾರದು.

ನಾವಿಬ್ಬರೂ ಬೆಂಗಳೂರಾಗ ಕೆಲಸ ಮಾಡ್ತೀವಿ. ಮಗಳು ಏಳು ತಿಂಗಳಿದ್ದಾಗಿಂದ ಬ್ಯಾಡಗಿಯೊಳಗ ನಮ್ಮ ಅವ್ವನ ಹತ್ರ ಬೆಳದಾಳ. ಈಗ ಎರಡು ವರ್ಷ ಮೂರು ತಿಂಗಳು. ಅಜ್ಜಿಗೇ "ಅವ್ವ" ಅಂತಾಳ, ನಾ ಹೋದ್ರ ಸೆರಗಿನ ಹಿಂದ ಅಡಗತಾಳ. ಜೂನ್‌ದಾಗ ಕರಕೊಂಡು ಬಂದು ಪ್ಲೇ ಸ್ಕೂಲಿಗೆ ಹಚ್ಚಬೇಕಂತ ಮಾಡೇವಿ. ಲಗೂ ಒಗ್ಗತಾಳೇನು? (ಹಾವೇರಿ ಜಿಲ್ಲೆ)

ಇಂಥ ಪತ್ರ ಹಾವೇರಿ, ರಾಣೆಬೆನ್ನೂರು, ಗದಗ ಕಡೆಯಿಂದ ಪ್ರತಿ ಸಲ ಬರುತ್ತವೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇವೆ.

ನಿಮ್ಮ ಮಗಳು ಒಬ್ಬರನ್ನು ಗಟ್ಟಿಯಾಗಿ ಹಚ್ಚಿಕೊಂಡಿದ್ದಾಳೆ. ಇದು ನಷ್ಟವಲ್ಲ, ಕೂಡಿಟ್ಟ ಗಂಟು. ಒಬ್ಬರನ್ನು ನಂಬಲು ಕಲಿತ ಮಗು ಎರಡನೆಯವರನ್ನೂ ನಂಬುತ್ತದೆ. ಈ ವಿಷಯದ ಮೂಲಪುರುಷ ಎನಿಸಿದ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲೇ, ತಾಯಿ ಇಲ್ಲವೇ ತಾಯಿಯ ಸ್ಥಾನದಲ್ಲಿ ಕಾಯಂ ಇರುವವರು ಎಂದು ಹೇಳಿದ್ದರು. ನಿಮ್ಮ ಅವ್ವ ಆ ಸ್ಥಾನದಲ್ಲಿದ್ದಾರೆ. ಹಾಗಾಗಿ ನೀವು ಮಗಳನ್ನು ಮನೆಗೆ ಕರೆತರುತ್ತಿದ್ದೇವೆ ಎಂದುಕೊಂಡರೆ, ಅವಳ ಲೆಕ್ಕದಲ್ಲಿ ಅದು ತಾಯಿಯನ್ನು ಬಿಡಿಸಿ ಒಯ್ದಂತೆ. ನಿಮಗೆ ನೋವಾಗುವ ಮಾತು ಇದು, ಆದರೆ ಇದನ್ನು ಒಪ್ಪಿಕೊಂಡರೆ ಮುಂದಿನದೆಲ್ಲ ಸುಲಭ.

ಮನೆ ಬದಲಿಸುವುದು ಮತ್ತು ಪ್ಲೇ ಸ್ಕೂಲು, ಎರಡೂ ಒಂದೇ ತಿಂಗಳಲ್ಲಿ ಬೇಡ. ನಡುವೆ ಎರಡು ತಿಂಗಳಾದರೂ ಇರಲಿ. ಬಾಟಲಿ ಬಿಡಿಸುವುದು, ಚಡ್ಡಿ ಬಿಡಿಸಿ ಬಚ್ಚಲಿಗೆ ಕೂರಿಸುವ ಅಭ್ಯಾಸ ಇವನ್ನೂ ಆ ಅವಧಿಯಲ್ಲಿ ಹಚ್ಚಿಕೊಳ್ಳಬೇಡಿ.

ಕೆಲಸ ಬ್ಯಾಡಗಿಯಲ್ಲೇ ಶುರುವಾಗಬೇಕು. ನಿಮ್ಮಲ್ಲೊಬ್ಬರು ರಜೆ ಹಾಕಿ ಹತ್ತು-ಹದಿನೈದು ದಿನ ಅಲ್ಲಿ ಇರಿ. ಮೊದಲ ಮೂರು ದಿನ ನೆಲದ ಮೇಲೆ ಅವಳ ಹತ್ತಿರ ಕೂತು ಆಟವಷ್ಟೇ. ಎತ್ತಲು, ಮುದ್ದಿಸಲು ಹೋಗಬೇಡಿ, ಅವಳಾಗಿ ಬರಲಿ. ಆಮೇಲೆ ಒಂದೊಂದೇ ಕೆಲಸ ಅಜ್ಜಿಯ ಕೈಯಿಂದ ನಿಮ್ಮ ಕೈಗೆ ಬರಲಿ, ಅಜ್ಜಿ ಪಕ್ಕದಲ್ಲೇ ಇರಲಿ: ಮೊದಲು ಊಟ, ನಂತರ ಎರೆಯುವುದು, ನಂತರ ಬಿದ್ದು ಅತ್ತಾಗ ಸಮಾಧಾನ, ಎಲ್ಲಕ್ಕಿಂತ ಕೊನೆಗೆ ರಾತ್ರಿ ಮಲಗಿಸುವುದು. ಈ ಕ್ರಮ ತಿರುವಿ ಮೊದಲ ರಾತ್ರಿಯೇ "ಇವತ್ತಿಂದ ನನ್ನ ಹತ್ರ ಮಲಗು" ಎಂದವರು ಒಂದು ವಾರ ಹಿಂದೆ ಬೀಳುತ್ತಾರೆ. ನಿದ್ದೆಯ ಹೊತ್ತಿನಲ್ಲೇ ಮಗು ತನ್ನವರನ್ನು ಹೆಚ್ಚು ಹುಡುಕುವುದು.

ಪ್ರಯಾಣ ಹಗಲಲ್ಲಿ, ಅಜ್ಜಿಯೂ ಜೊತೆಗೆ. ನಿದ್ದೆಗಣ್ಣಿನ ಮಗುವನ್ನು ಸ್ಲೀಪರ್ ಬಸ್ಸಿಗೆ ಹಾಕಿಕೊಂಡು ಎಚ್ಚರಾಗುವಷ್ಟರಲ್ಲಿ ಬೆಂಗಳೂರು ಮುಟ್ಟಿಸುವುದು ನಮ್ಮಲ್ಲಿ ರೂಢಿ. ಅಳು ತಪ್ಪುತ್ತದೆಂದು ಮಾಡುತ್ತಾರೆ. ಆಗುವುದು ಏನೆಂದರೆ, ಮಲಗಿದರೆ ಜನ ಮಾಯವಾಗುತ್ತಾರೆ ಎಂದು ಮಗು ಕಲಿತು ತಿಂಗಳುಗಟ್ಟಲೆ ನಿದ್ದೆಗೆ ಹೆದರುತ್ತದೆ. ಅವಳು ಹೊದೆಯುವ ಕೌದಿ, ತಟ್ಟೆ, ಲೋಟ ಬರಲಿ. ಕೌದಿಯನ್ನು ಒಂದು ತಿಂಗಳು ತೊಳೆಯಬೇಡಿ; ಆ ವಾಸನೆಯೇ ಅವಳ ಮನೆ.

ಅಜ್ಜಿ ಬೆಂಗಳೂರಿನಲ್ಲಿ ಮೂರು-ನಾಲ್ಕು ವಾರ ಇರಬೇಕು. ಎರಡನೇ ವಾರದಿಂದ ಹಗಲಲ್ಲಿ ಒಂದು ತಾಸು, ಎರಡು ತಾಸು "ಸಂತಿಗೆ ಹೋಗಿ ಬರ್ತೀನಿ" ಎಂದು ಹೇಳಿ ಹೋಗಿ ಬರಲಿ. ಕೊನೆಗೆ ಊರಿಗೆ ಹೊರಡುವಾಗ ಮಗಳ ಎದುರೇ ಹೊರಡಬೇಕು. ಅಳುತ್ತಾಳೆ, ಅಳಲಿ, ನೀವು ಎತ್ತಿಕೊಂಡಿರಿ. "ಅಜ್ಜಿ ಊರಿಗೆ ಹೋದ್ಲು, ನಿನಗ ಅಜ್ಜಿ ಬೇಕಾಗೇದ" ಎಂದು ಅವಳ ಮಾತನ್ನೇ ಹೇಳಿ. ದಿನಾ ಒಂದೇ ಹೊತ್ತಿಗೆ ವಿಡಿಯೋ ಕಾಲ್, ಮಲಗುವ ಮುಂಚೆ ಮಾತ್ರ ಬೇಡ. ಆರು ವಾರದೊಳಗೆ ಒಮ್ಮೆ ಭೇಟಿ.

ಮೊದಲ ವಾರಗಳಲ್ಲಿ ಹಾಸಿಗೆ ಒದ್ದೆ, ರಾತ್ರಿ ಎಚ್ಚರ, ನಿಮ್ಮನ್ನೇ ಹೊಡೆಯುವುದು, ಆಮೇಲೆ ನಿಮ್ಮನ್ನೇ ಬಿಡದೆ ಅಂಟುವುದು ಎಲ್ಲವೂ ನಿರೀಕ್ಷಿತ. ಹೆದರಬೇಕಾದದ್ದು ಇದಕ್ಕಲ್ಲ, ಸುಮ್ಮನಾಗುವುದಕ್ಕೆ. ಬೌಲ್ಬಿಯ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1950ರ ಆಸುಪಾಸಿನಲ್ಲಿ ಆಸ್ಪತ್ರೆಯಲ್ಲಿ ತಾಯಿಯಿಲ್ಲದೆ ಉಳಿದ ಎಳೆಯ ಮಕ್ಕಳನ್ನು ಗಮನಿಸಿ ಮೂರು ಹಂತ ಗುರುತಿಸಿದರು: ಅತ್ತು ಪ್ರತಿಭಟಿಸುವುದು, ಮಂಕಾಗುವುದು, ಕೊನೆಗೆ ಯಾರೂ ಬೇಡವೆಂಬಂತೆ ಇರುವುದು. ಮೂರನೆಯದನ್ನು ನರ್ಸ್‌ಗಳು "ಒಗ್ಗಿಕೊಂಡಿದೆ" ಎಂದು ತಿಳಿದಿದ್ದರು. ನಿಮ್ಮ ಮಗಳು ಆಟ, ಊಟ, ಮಾತು ಮೂರನ್ನೂ ಬಿಟ್ಟು ಎರಡು ವಾರ ಮಂಕಾಗಿದ್ದರೆ ಅಜ್ಜಿಯನ್ನು ಮತ್ತೆ ಕರೆಸಿ, ಮಕ್ಕಳ ವೈದ್ಯರಿಗೂ ತೋರಿಸಿ.

"ಅವ್ವ ಅಲ್ಲ, ಅಜ್ಜಿ ಅನ್ನು" ಎಂದು ತಿದ್ದಬೇಡಿ. ಇನ್ನೊಂದು ವರ್ಷಕ್ಕೆ ತಾನೇ ಸರಿಮಾಡಿಕೊಳ್ಳುತ್ತಾಳೆ. ಮತ್ತೆ, ಬ್ಯಾಡಗಿಗೆ ಮರಳಿದ ಅಜ್ಜಿಯ ಮನೆ ಒಮ್ಮೆಲೇ ಖಾಲಿ ಆಗಿರುತ್ತದೆ. ಫೋನ್ ಮಾಡಿದಾಗ ಮಗಳ ಮುಖ ತೋರಿಸಿ ಇಟ್ಟುಬಿಡದೆ ಅವರ ಜೊತೆಗೂ ಎರಡು ಮಾತಾಡಿ.

ಹೆಂಡತಿ ಬಾಣಂತನಕ್ಕ ಐದು ತಿಂಗಳು ರೋಣದಾಗ ತವರಮನಿಯೊಳಗಿದ್ಲು. ಕೂಸಿಗೆ ಈಗ ಏಳು ತಿಂಗಳು. ನಾ ಎತ್ತಿಕೊಂಡ್ರ ಚೀರತದ. (ಧಾರವಾಡ)

ಏಳು ತಿಂಗಳಿಗೆ ಕೂಸು ಗುರುತಿನವರು ಯಾರು, ಹೊಸಬರು ಯಾರು ಎಂದು ಬೇರೆ ಮಾಡುತ್ತದೆ. ನೀವು ಸದ್ಯ ಹೊಸಬರ ಪಟ್ಟಿಯಲ್ಲಿದ್ದೀರಿ, ಅಷ್ಟೇ. ತಾಯಿಯ ಕಂಕುಳಿಂದ ಕಸಿದುಕೊಳ್ಳಬೇಡಿ. ಪಕ್ಕಕ್ಕೆ ತಿರುಗಿ ಕೂತು, ದಿಟ್ಟಿಸಿ ನೋಡದೆ, ಕೈಯಲ್ಲಿ ಚಮಚವೋ ಬಟ್ಟಲೋ ಹಿಡಿದು ಬಡಿಯುತ್ತಿರಿ. ಅದು ಕೈಚಾಚಿದಾಗ ಕೊಡಿ. ನಾಲ್ಕೈದು ದಿನದಲ್ಲಿ ಬಳಿ ಬರುತ್ತದೆ.

ಆಮೇಲೆ ದಿನಕ್ಕೊಂದು ಕೆಲಸ ನಿಮ್ಮದೇ ಎಂದು ಹಿಡಿಯಿರಿ, ಎರೆಯುವುದೋ ರಾತ್ರಿ ಮಲಗಿಸುವುದೋ, ಭಾನುವಾರ ಮಾತ್ರ ಅಲ್ಲ. 1964ರಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬಿಬ್ಬರು ಸಂಶೋಧಕರು ಗ್ಲಾಸ್ಗೋದ 60 ಕೂಸುಗಳನ್ನು ಹಿಂಬಾಲಿಸಿ ನೋಡಿದರು. ಹದಿನೆಂಟು ತಿಂಗಳಿಗೆ ಬಹುಪಾಲು ಮಕ್ಕಳು ಒಬ್ಬರಿಗಿಂತ ಹೆಚ್ಚು ಜನರನ್ನು ಹಚ್ಚಿಕೊಂಡಿದ್ದವು. ಹಾಲು ಕುಡಿಸಿದವರನ್ನೇ ಎಂದೇನೂ ಇರಲಿಲ್ಲ, ತಮ್ಮ ಸನ್ನೆಗೆ ಓಗೊಟ್ಟವರನ್ನು. ಅತ್ತ ತಕ್ಷಣ "ತಗೋ, ನಿನ್ನ ಕೂಸು" ಎಂದು ಹೆಂಡತಿಗೆ ಕೊಡುವ ಗಂಡಸರಿಗೆ ಆ ಅವಕಾಶ ತಪ್ಪುತ್ತದೆ. ನಗುವಾಗ ಮಾತ್ರ ಎತ್ತಿಕೊಂಡವರು ಆಟದ ಗೆಳೆಯರಾಗಿ ಉಳಿಯುತ್ತಾರೆ.

ಮಗನಿಗೆ ಮೂರು ವರ್ಷ. ಅಂಗನವಾಡಿಗೆ ಬಿಟ್ಟು, ಆಟದಾಗ ಮೈಮರೆತಾಗ ಹಿಂದಿನ ಬಾಗಿಲಿಂದ ಬಂದುಬಿಡ್ತೀನಿ. ಎರಡು ವಾರ ಆತು, ಅಳು ಹೆಚ್ಚೇ ಆಗೇದ. ಮನಿಯೊಳಗೂ ಸೆರಗು ಬಿಡವಲ್ಲ. ಬಾಜೂ ಮನಿ ಹುಡುಗಿ ಒಂದು ದಿನಾನೂ ಅತ್ತಿಲ್ಲ. (ಸವಣೂರು)

ಅಳುವಿಗೆ ಕಾರಣ ಅಂಗನವಾಡಿ ಅಲ್ಲ, ಹಿಂದಿನ ಬಾಗಿಲು. ಆಟದಲ್ಲಿ ಮೈಮರೆತರೆ ಅವ್ವ ಮಾಯವಾಗುತ್ತಾಳೆ ಎಂದು ಅವನಿಗೆ ಗೊತ್ತಾಗಿದೆ. ಹಾಗಾಗಿ ಆಟ ಬಿಟ್ಟಿದ್ದಾನೆ, ಮನೆಯಲ್ಲೂ ಕಾವಲು ಕಾಯುತ್ತಿದ್ದಾನೆ.

ಎರಡು ದಿನ ನಿಲ್ಲಿಸಿ ಹೊಸದಾಗಿ ಶುರುಮಾಡಿ. ಮೊದಲ ಎರಡು ದಿನ ಒಂದು ತಾಸು ನೀವೂ ಒಳಗೆ ಗೋಡೆ ಬದಿಗೆ ಒಂದೇ ಜಾಗದಲ್ಲಿ ಕೂತಿರಿ. ನೀವೇ ಆಡಿಸಲು ಹೋಗಬೇಡಿ. ಮೂರನೇ ದಿನ ಹೇಳಿ ಹತ್ತು ನಿಮಿಷ ಹೊರಗೆ ಹೋಗಿ ಬನ್ನಿ, ಮರಳಿ ಬಂದದ್ದು ಅವನಿಗೆ ಕಾಣಬೇಕು. ನಾಲ್ಕನೇ ದಿನ ಅರ್ಧ ತಾಸು, ಐದನೇ ದಿನ ಒಂದು ತಾಸು, ಎರಡನೇ ವಾರಕ್ಕೆ ಊಟದವರೆಗೆ. ಒಂದು ದಿನ ಬಹಳ ಅತ್ತರೆ ಮರುದಿನವೂ ಅಷ್ಟೇ ಹೊತ್ತು ಇರಲಿ, ಏರಿಸಬೇಡಿ. ಕೂಲಿ ತಪ್ಪಿಸಲು ಆಗದಿದ್ದರೆ ಅಜ್ಜಿಯೋ ಕಾಕುವೋ ಮಾಡಬಹುದು, ಆದರೆ ಎರಡೂ ವಾರ ಒಬ್ಬರೇ ಇರಲಿ.

ಬಿಟ್ಟು ಬರುವುದು ಅರ್ಧ ನಿಮಿಷದ ಕೆಲಸ. ದಿನಾ ಅದೇ ಮಾತು, ಅದೇ ಮುತ್ತು, ಅಕ್ಕೋರ ಕೈಗೆ ಅವನ ಕೈ. "ಹನ್ನೆರಡೂವರಿಗೆ ಬರ್ತೀನಿ" ಎಂದರೆ ಅವನಿಗೆ ತಿಳಿಯುವುದಿಲ್ಲ. "ಉಂಡು ತಾಟು ತೊಳದ ಮ್ಯಾಲ ಬರ್ತೀನಿ" ಎಂದರೆ ತಿಳಿಯುತ್ತದೆ. ಹೇಳಿದ ಮೇಲೆ ಹೊರಟುಬಿಡಿ. ಬಾಗಿಲಲ್ಲಿ ನಿಂತು ಮೂರು ಸಲ ಹೊರಳಿ ನೋಡಿದರೆ ನಿಮಗೇ ಧೈರ್ಯವಿಲ್ಲ ಎಂದು ಮಗು ಓದುತ್ತದೆ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ, ಮೊದಲ ತಿಂಗಳಂತೂ ಐದು ನಿಮಿಷ ಮುಂಚೆ. ಮನೆಗೆ ಬಂದ ಮೇಲೆ ಸಣ್ಣದಕ್ಕೆಲ್ಲ ರಂಪ ಮಾಡಿದರೆ ಅದು ಬೆಳಗಿನಿಂದ ತಡೆದುಕೊಂಡದ್ದು, ಬಯ್ಯಬೇಡಿ. ಪಾಠ ಏನಾಯಿತು ಎಂದು ಕೇಳದೆ ಕಾಲು ತಾಸು ಸುಮ್ಮನೆ ಮಡಿಲಲ್ಲಿ ಕೂರಿಸಿಕೊಳ್ಳಿ.

ಬಾಜೂ ಮನೆ ಹುಡುಗಿಯ ಜೊತೆ ಹೋಲಿಸಬೇಡಿ. ಮೇರಿ ಏನ್ಸ್‌ವರ್ತ್ ವರ್ಷದ ಮಕ್ಕಳನ್ನು ಹೊಸ ಕೋಣೆಯಲ್ಲಿ ಸುಮಾರು ಇಪ್ಪತ್ತು ನಿಮಿಷ ಇಟ್ಟು, ತಾಯಿಯನ್ನು ಎರಡು ಸಲ ಹೊರಗೆ ಕಳಿಸಿ ನೋಡಿದಾಗ, ಹೆಚ್ಚು ತೂಕ ಕೊಟ್ಟದ್ದು ಹೋಗುವಾಗಿನ ಅಳುವಿಗಲ್ಲ, ತಾಯಿ ಮರಳಿದಾಗ ಮಗು ಏನು ಮಾಡಿತು ಎಂಬುದಕ್ಕೆ. ಓಡಿ ಬಂದು, ತಬ್ಬಿ, ಸಮಾಧಾನವಾಗಿ ಮತ್ತೆ ಆಟಕ್ಕೆ ಹೋದರೆ ಸಂಬಂಧ ಗಟ್ಟಿಯಾಗಿದೆ ಎಂದರ್ಥ. ಅಳದ ಮಕ್ಕಳ ಹೃದಯಬಡಿತ ಅಳೆದಾಗ ಅವೂ ಒಳಗೊಳಗೇ ಕಳವಳಪಟ್ಟದ್ದು ಕಂಡಿದೆ. ಆ ಹುಡುಗಿ ನಿಜಕ್ಕೂ ಖುಷಿಯಾಗಿರಬಹುದು, ಇಲ್ಲದೆಯೂ ಇರಬಹುದು. ಅಳದೇ ಇದ್ದದ್ದರಿಂದ ತಿಳಿಯುವುದಿಲ್ಲ. ನಿಮ್ಮ ಮಗ ಈ ಕ್ರಮದಲ್ಲಿ ನಾಲ್ಕು ವಾರ ಕಳೆದರೂ ಅಲ್ಲಿ ಉಣ್ಣದೆ, ಯಾರ ಹತ್ತಿರವೂ ಹೋಗದೆ ಇದ್ದರೆ ಒಂದು ದಿನ ಹೇಳದೆ ಹೋಗಿ ನೋಡಿ. ಯಾರಾದರೂ ಹೊಡೆಯುತ್ತಾರೆಯೇ, ಬಚ್ಚಲಿಗೆ ಹೋಗಲು ಹೆದರುತ್ತಾನೆಯೇ ಎಂದು ವಿಚಾರಿಸಿ.

ಮಗನಿಗೆ ಹದಿನೈದು ತಿಂಗಳು. ಮೊಬೈಲ್ ಇಲ್ದ ಒಂದು ತುತ್ತೂ ನುಂಗಂಗಿಲ್ಲ. ಹೆಸರು ಹಿಡದು ಕರದ್ರ ಹೊರಳಿ ನೋಡಂಗಿಲ್ಲ. ಮಾವನವರು "ಅವರಪ್ಪನೂ ಮೂರು ವರ್ಷಕ್ಕ ಮಾತಾಡಿದ್ದ" ಅಂತಾರ. ನನ್ನ ತಪ್ಪಿಂದ ಹಿಂಗಾತೇನು? (ಹುಬ್ಬಳ್ಳಿ)

ಮೊಬೈಲ್ ಬಿಡಿಸಿ ಮೂರು ತಿಂಗಳು ನೋಡೋಣ ಎನ್ನಬೇಡಿ. ಮೊಬೈಲ್ ಬಿಡಿಸುವುದು, ವೈದ್ಯರಿಗೆ ತೋರಿಸುವುದು ಎರಡೂ ಇದೇ ವಾರ ಆಗಲಿ. ವರ್ಷ ತುಂಬಿದ ಮಗು ಹೆಸರಿಗೆ ತಿರುಗಬೇಕು, ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು, ಟಾಟಾ ಮಾಡಬೇಕು. ಹದಿನಾರು ತಿಂಗಳಿಗೆ ಒಂದಾದರೂ ಪದ, ಎರಡು ವರ್ಷಕ್ಕೆ "ಅವ್ವ ಬಾ" ಎಂಬಂಥ ಎರಡು ಪದದ ಮಾತು. ಕಲಿತ ಮಾತು ಯಾವ ವಯಸ್ಸಿನಲ್ಲಿ ನಿಂತರೂ ತೋರಿಸಬೇಕು. ಮೊದಲು ಕಿವಿ ಪರೀಕ್ಷೆ. ಬಾಗಿಲು ಬಡಿದರೆ ತಿರುಗುತ್ತಾನೆ ಎಂಬುದು ಪರೀಕ್ಷೆಯಲ್ಲ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಶುರುಮಾಡಬಹುದು. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ತಂಡಕ್ಕೂ ಹೇಳಿ, ಅವರು ಮುಂದಿನ ತಪಾಸಣೆಗೆ ಕಳಿಸುತ್ತಾರೆ. ಹದಿನಾರು ತಿಂಗಳು ತುಂಬಿದ ಮೇಲೆ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿಂದ ಆಟಿಸಂ (ಮಾತು, ಬೆರೆಯುವಿಕೆ ಬೇರೆ ರೀತಿ ಬೆಳೆಯುವ ಸ್ಥಿತಿ) ಅನುಮಾನ ಇದೆಯೇ ಎಂದು ನೋಡುತ್ತಾರೆ. ಅಕಸ್ಮಾತ್ ಆಟಿಸಂ ಎಂದಾದರೂ ಅದು ನಿಮ್ಮಿಂದ ಬಂದದ್ದಲ್ಲ. ತಾಯಿ ಅಕ್ಕರೆ ತೋರದಿದ್ದರೆ ಆಟಿಸಂ ಬರುತ್ತದೆ ಎಂಬ ವಾದ ಹಿಂದೆ ಇತ್ತು, ವೈದ್ಯಲೋಕ ಅದನ್ನು ಕೈಬಿಟ್ಟು ದಶಕಗಳಾದವು. ಮಾವನವರ ಮಾತು ನಿಜವಿದ್ದರೂ ಪರೀಕ್ಷೆಯಿಂದ ಏನೂ ನಷ್ಟವಿಲ್ಲ.

ಮೊಬೈಲ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು: ಎರಡು ವರ್ಷದ ತನಕ ಪರದೆ ಬೇಡ, ಆಮೇಲೆ ನಾಲ್ಕರವರೆಗೆ ದಿನಕ್ಕೆ ಒಂದು ತಾಸು ಮೀರದಿರಲಿ. ಒಮ್ಮೆಗೇ ನಿಲ್ಲಿಸಿ; ಇಷ್ಟಿಷ್ಟೇ ಕಡಿಮೆ ಮಾಡಿದರೆ ಚೌಕಾಸಿಯೇ ಆಗುತ್ತದೆ. ಊಟದ ನಡುವೆ ಎರಡೂವರೆ-ಮೂರು ತಾಸು ಅಂತರ ಇರಲಿ, ಬಿಸ್ಕೀಟು, ಚುರುಮುರಿ ಕೈಗೆ ಕೊಡಬೇಡಿ. ಮನೆಯವರ ಜೊತೆ ನೆಲಕ್ಕೆ ಕೂರಿಸಿ, ಹಾಲಿನಲ್ಲಿ ನೆನೆಸಿದ ರೊಟ್ಟಿ, ಮೆತ್ತಗಿನ ಅನ್ನ, ಬಾಳೆಹಣ್ಣು ಮುಂದಿಡಿ, ಅವನ ಕೈಯಿಂದಲೇ ತಿನ್ನಲಿ. ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ, ಬಾಯಿ ಒತ್ತಿ ತುರುಕಬೇಡಿ. ಮೂರು-ನಾಲ್ಕು ದಿನ ಕಡಿಮೆ ತಿನ್ನುತ್ತಾನೆ, ಕಿರುಚುತ್ತಾನೆ. ನೀರು ಕುಡಿದು, ಉಚ್ಚೆ ಸರಿಯಾಗಿ ಹೋಗುತ್ತಿದ್ದರೆ ಗಾಬರಿ ಬೇಡ. ಸೋಲುವುದು ಸಾಮಾನ್ಯವಾಗಿ ಮೂರನೇ ದಿನ, ಮನೆಗೆ ಬಂದ ಯಾರೋ "ಪಾಪ, ಕೊಡವಾ" ಎಂದಾಗ.

ದೊಡ್ಡವರ ಮೊಬೈಲೂ ಊಟದ ಹೊತ್ತಿಗೆ ದೂರ ಇರಲಿ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನೋವಿಜ್ಞಾನಿ ತಾಯಂದಿರಿಗೆ ಎರಡು-ಮೂರೇ ನಿಮಿಷ ಮುಖ ಕಲ್ಲಿನಂತೆ ಇಟ್ಟುಕೊಳ್ಳಲು ಹೇಳಿ ನೋಡಿದರು. ಕೂಸುಗಳು ಮೊದಲು ನಕ್ಕು, ಕೂಗಿ ಕರೆದವು, ಆಮೇಲೆ ಮುಖ ತಿರುವಿದವು. ಮೊಬೈಲ್ ನೋಡುವ ಮುಖವೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಗುಮ್ಮ, ಪೊಲೀಸ, ಸೂಜಿ ಡಾಕ್ಟರ್ ಅಂತ ಹೆದರಿಸಿಯೇ ನಾವು ಮಕ್ಕಳನ್ನ ಬೆಳೆಸೀವಿ. ಈಗ ಸೊಸಿ ಬ್ಯಾಡ ಅಂತಾಳ. (ಅಜ್ಜ, ಲಕ್ಷ್ಮೇಶ್ವರ)

ಸೊಸೆ ಹೇಳಿದ್ದೇ ಸರಿ, ಅಜ್ಜಾರ. ಹೆದರಿದ ಮಗು ಓಡಿ ಬರುವುದು ನಿಮ್ಮ ಹತ್ತಿರ. ಹೆದರಿಸಿದವರೂ ನೀವೇ ಆದರೆ ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯುವುದಿಲ್ಲ. ಗುಮ್ಮನಿಗಿಂತಲೂ ಕೆಟ್ಟದ್ದು "ನಿನ್ನ ಬಿಟ್ಟು ಹೋಗ್ತೀನಿ" ಎನ್ನುವುದು. ಬದಲಿಗೆ ಆಗುವ ಮಾತನ್ನೇ ಹೇಳಿ: "ಓಡಿದ್ರ ಕೈ ಹಿಡಕೊಂಡು ನಡಸ್ತೀನಿ." ಹೇಳಿದಂತೆ ಕೈ ಹಿಡಿಯಿರಿ. ಪೊಲೀಸರ ಹೆಸರನ್ನಂತೂ ಬಿಟ್ಟೇಬಿಡಿ. ಜಾತ್ರೆಯಲ್ಲಿ ತಪ್ಪಿಸಿಕೊಂಡ ದಿನ ಮೊಮ್ಮಗ ಅವರನ್ನು ಕಂಡು ಅಡಗಬಾರದು.